ಬೇಸ್‌ಬಾಲ್ ಅಭಿಮಾನಿಗಳಿಗೆ ಕೆಲವು ಮೈದಾನಗಳು ಅಷ್ಟೊಂದು ಚೆಂದ ಕಾಣುವುದೇಕೆ?

ಒಂದರ ಹಾಗೆ ಇನ್ನೊಂದು ಇರುವುದಿಲ್ಲ, ಅದಕ್ಕೇ. ಬ್ಯಾಟರ್ ಓಡಿ ಮುಟ್ಟಬೇಕಾದ ಗುರುತುಗಳಾದ ಬೇಸ್‌ಗಳ ನಡುವಿನ ದೂರ ಎಲ್ಲ ಕಡೆಯೂ 90 ಅಡಿ. ಆದರೆ ಹೊರಗಿನ ಗೋಡೆಯ ದೂರ, ಎತ್ತರ ಮೈದಾನಕ್ಕೊಂದು ಥರ. ಹಳೆಯ ಮೈದಾನಗಳನ್ನು ಬೀದಿಗಳ ನಡುವೆ ಸಿಕ್ಕ ಜಾಗದಲ್ಲೇ ಕಟ್ಟಿದ್ದು, ಅಲ್ವಾ?

1912ರಲ್ಲಿ ಶುರುವಾದ ಬಾಸ್ಟನ್‌ನ ಫೆನ್‌ವೇ ಪಾರ್ಕ್ ನೋಡಿ. ಎಡಗಡೆ ಲ್ಯಾನ್ಸ್‌ಡೌನ್ ಬೀದಿ ಇರುವುದರಿಂದ ಜಾಗ ಕಡಿಮೆ. ಹಾಗಾಗಿ ಅಲ್ಲಿ ಸುಮಾರು 37 ಅಡಿ ಎತ್ತರದ ಹಸಿರು ಗೋಡೆ. ಬೇರೆ ಕಡೆ ಸುಲಭದ ಕ್ಯಾಚ್ ಆಗುತ್ತಿದ್ದ ಚೆಂಡು ಇಲ್ಲಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಅಷ್ಟರಲ್ಲಿ ಬ್ಯಾಟರ್ ಎರಡನೇ ಬೇಸ್ ಮುಟ್ಟಿರುತ್ತಾನೆ! ಗೋಡೆಯ ಬುಡದ ಸ್ಕೋರ್‌ಬೋರ್ಡಿನ ಅಂಕಿಗಳನ್ನು ಈಗಲೂ ಕೈಯಲ್ಲೇ ಬದಲಿಸುತ್ತಾರೆ. ಷಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ ಇಟ್ಟಿಗೆ ಗೋಡೆ ತುಂಬ ಬಳ್ಳಿ, ಅದೂ ಸೊಗಸೇ. ಆದರೆ ಆಟವನ್ನೇ ಬದಲಿಸುವ ಫೆನ್‌ವೇ ಗೋಡೆ ನನಗೆ ಜಾಸ್ತಿ ಇಷ್ಟ.