ಗೇಮ್ ರಷ್ಯನ್‌ನಲ್ಲೇ ಸಿಕ್ಕಿಕೊಂಡಿದ್ರೆ ಅನ್‌ಇನ್‌ಸ್ಟಾಲ್ ಮಾಡೋ ಮುಂಚೆ ಇದನ್ನ ಓದು

ತಮ್ಮಾ, ಮೊದಲು ಆ ಅನ್‌ಇನ್‌ಸ್ಟಾಲ್ ಬಟನ್ನಿಂದ ಕೈ ತೆಗಿ. ಬೇರೆ ದೇಶದ ಕೀ (ಗೇಮ್ ಪಡೆಯೋ ಕೋಡ್) ತಗೊಂಡೆ, ಸ್ಟೀಮ್‌ನಲ್ಲಿ (ಗೇಮ್ ಕೊಂಡು ಇಳಿಸೋ ಪ್ರೋಗ್ರಾಂ) ಗೇಮಿನ ಪ್ರಾಪರ್ಟೀಸ್ ತೆರೆದ್ರೆ ರಷ್ಯನ್ ಬಿಟ್ಟು ಬೇರೆ ಭಾಷೆನೇ ತೋರಿಸ್ತಿಲ್ಲ, ವಿಪಿಎನ್ (ಬೇರೆ ದೇಶದಲ್ಲಿದ್ದಂತೆ ತೋರಿಸೋ ಸೇವೆ) ಹಾಕಿ ಮತ್ತೆ ಇಳಿಸ್ತೀನಿ ಅಂತ ಬರೆದಿದ್ದೀಯ. ನಾನೂ ಇದನ್ನೇ ಮಾಡಿದ್ದೆ. ಎರಡು ರಾತ್ರಿ ಕೂತು ಇಳಿಸಿದ ಮೇಲೆ ಬಂದಿದ್ದು ಅದೇ ರಷ್ಯನ್. ಹೊಟ್ಟೆ ಉರಿದದ್ದು ಅದಕ್ಕಲ್ಲ. ಆ ಗೇಮ್ ಸೇವ್ ಫೈಲುಗಳನ್ನ ತನ್ನ ಫೋಲ್ಡರಿನೊಳಗೇ ಇಡ್ತಿತ್ತು, ಕ್ಲೌಡ್ ಸೇವ್ (ಆನ್‌ಲೈನ್ ಕಾಪಿ) ಇರಲಿಲ್ಲ. ಪೂರ್ತಿ ಕ್ಲೀನ್ ಆಗಲಿ ಅಂತ ಉಳಿದ ಫೋಲ್ಡರನ್ನೂ ನಾನೇ ಕೈಯಾರೆ ಅಳಿಸಿಬಿಟ್ಟೆ. ತಿಂಗಳುಗಟ್ಟಲೆ ಆಡಿದ್ದೆಲ್ಲ ಹೋಯ್ತು. ಆದ್ದರಿಂದ ಸೇವ್ ಫೋಲ್ಡರ್ ಎಲ್ಲಿದೆ ಅಂತ ಹುಡುಕಿ ಬೇರೆ ಡ್ರೈವಿಗೆ ಕಾಪಿ ಮಾಡಿಟ್ಕೋ. ಮಿಕ್ಕಿದ್ದೆಲ್ಲ ಆಮೇಲೆ.

ಯಾವ ಭಾಷೆಯ ಡೀಪೋ (ಸ್ಟೀಮ್ ಇಳಿಸೋ ಫೈಲುಗಳ ಗುಂಪು) ನಿನಗೆ ಸಿಗತ್ತೆ ಅನ್ನೋದು ಕೀ ಹಾಕಿದಾಗ ನಿನ್ನ ಅಕೌಂಟಿಗೆ ಸೇರಿದ ಪ್ಯಾಕೇಜಿನ (ಲೈಸೆನ್ಸ್) ಮೇಲಿದೆ, ನೀನು ಎಲ್ಲಿ ಕೂತು ಇಳಿಸ್ತೀಯ ಅನ್ನೋದರ ಮೇಲಲ್ಲ. ಜೊತೆಗೆ ವಿಪಿಎನ್‌ನಿಂದ ದೇಶ ಮರೆಮಾಚೋದು ಸ್ಟೀಮ್ ಒಪ್ಪಂದಕ್ಕೆ ವಿರುದ್ಧ, ಅಕೌಂಟಿಗೇ ಕುತ್ತು. ಸ್ಟೋರ್ ದೇಶ ಬದಲಿಸಬೇಕಂದ್ರೂ 3 ತಿಂಗಳಿಗೊಮ್ಮೆ ಮಾತ್ರ, ಅದೂ ಆ ದೇಶದ ಪಾವತಿ ವಿಧಾನ ಇದ್ದರೆ.

ನನಗೆ ಕೆಲಸ ಮಾಡಿದ್ದು ಆಪ್‌ಮ್ಯಾನಿಫೆಸ್ಟ್ ತಿದ್ದಿದ್ದು, ಅಂದ್ರೆ ಗೇಮಿನ ಭಾಷೆ ಸೇರಿ ಇನ್‌ಸ್ಟಾಲ್ ವಿವರಗಳನ್ನ ಸ್ಟೀಮ್ ಬರೆದಿಡೋ ಫೈಲ್. ಸ್ಟೀಮ್‌ಆಪ್ಸ್ ಫೋಲ್ಡರಿನಲ್ಲಿ ಹೆಸರಿನಲ್ಲಿ ನಿನ್ನ ಗೇಮ್ ನಂಬರಿರೋ ಆ ಎಸಿಎಫ್ (.acf) ಫೈಲ್ ಹುಡುಕು. ಆ ನಂಬರ್ ಸ್ಟೋರ್ ಪುಟದ ವಿಳಾಸದಲ್ಲೇ ಇರತ್ತೆ. ಫೈಲ್ ತೆರೆಯೋ ಮುಂಚೆ ಸ್ಟೀಮ್ ಪೂರ್ತಿ ಮುಚ್ಚು. ಕಿಟಕಿ ಮುಚ್ಚಿದ್ರೆ ಸಾಲದು, ಕೆಳಗಡೆ ಗಡಿಯಾರದ ಪಕ್ಕದ ಟ್ರೇನಲ್ಲಿ ಎಕ್ಸಿಟ್ ಕೊಡಬೇಕು. ಎಷ್ಟೋ ಜನ ಎಡವೋದು ಇಲ್ಲೇ: ಸ್ಟೀಮ್ ಓಡ್ತಿರುವಾಗ ತಿದ್ದಿದ್ರೆ ಅದು ಹಳೇದನ್ನೇ ಮೇಲೆ ಬರೆದುಬಿಡತ್ತೆ, ಇವರು "ಟ್ರಿಕ್ ಸುಳ್ಳು" ಅಂತಾರೆ. ಯೂಸರ್‌ಕಾನ್ಫಿಗ್ ಕೆಳಗೆ ಲ್ಯಾಂಗ್ವೇಜ್ ಸಾಲಿನಲ್ಲಿ ರಷ್ಯನ್ ತೆಗೆದು ಇಂಗ್ಲಿಷ್ (english) ಹಾಕು, ಸಣ್ಣಕ್ಷರದಲ್ಲೇ. ಹೆಸರು ಸ್ಟೀಮ್ ಇಟ್ಟಂತೆಯೇ ಇರಬೇಕು: ಕೊರಿಯನ್ನಿಗೆ ಅದು "ಕೊರಿಯಾನ" (koreana) ಅನ್ನತ್ತೆ, ಸರಳ ಚೀನೀಗೆ "ಎಸ್‌ಚೈನೀಸ್" (schinese). ಉದ್ಧರಣ ಚಿಹ್ನೆ ಒಂದು ತಪ್ಪಿದ್ರೂ ಕೆಡತ್ತೆ, ಮೂಲ ಫೈಲಿನ ಒಂದು ಕಾಪಿ ಇರಲಿ. ವರ್ಡ್‌ನಲ್ಲಂತೂ ತೆರೀಲೇಬೇಡ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹಾಕ್ಕೋ. ಸಾದಾ ನೋಟ್‌ಪ್ಯಾಡ್ ಆದ್ರೆ ಸೇವ್ ಮಾಡುವಾಗ ಕೊನೆಗೆ ಟಿಎಕ್ಸ್‌ಟಿ ಅಂಟಿಲ್ಲ ತಾನೆ ನೋಡು.

ಸ್ಟೀಮ್ ಮತ್ತೆ ತೆರೆದಾಗ ಅಪ್‌ಡೇಟ್ ಶುರುವಾದ್ರೆ ಗೆದ್ದೆ. ಏನೂ ಇಳೀಲಿಲ್ಲ ಅಂದ್ರೆ ಬಹುಮಟ್ಟಿಗೆ ನಿನ್ನ ಪ್ಯಾಕೇಜಿನಲ್ಲಿ ಇಂಗ್ಲಿಷ್ ಡೀಪೋನೇ ಇಲ್ಲ. ಸ್ಟೀಮ್‌ಡಿಬಿಯಲ್ಲಿ (ಸ್ಟೀಮ್ ಗೇಮುಗಳ ವಿವರ ತೋರಿಸೋ ಸೈಟ್) ಪ್ಯಾಕೇಜ್ ನಂಬರ್ ಹಾಕಿ ಖಚಿತ ಮಾಡ್ಕೋ. ಇಲ್ಲ ಅಂತಾದ್ರೆ ಎಷ್ಟು ತಿದ್ದಿದ್ರೂ ಬರಲ್ಲ, ರಿಫಂಡ್ ದಾರಿ ನೋಡು. ಆ ಹತಾಶೆಯಲ್ಲಿ ಯಾವುದೋ ಸೈಟಿನ "ಲ್ಯಾಂಗ್ವೇಜ್ ಚೇಂಜರ್" ಎಕ್ಸಿಇ ಪ್ರೋಗ್ರಾಂ ಓಡಿಸಬೇಡ, ಅದರಲ್ಲಿ ವೈರಸ್ ಇರಬಹುದು, ಕೈಮುಗಿದು ಹೇಳ್ತೀನಿ. ಭಾಷೆ ಬದಲಿಸೋಕೆ ಹೋಗಿ ಅಕೌಂಟ್ ಕಳ್ಕೋಬೇಡ. ಇನ್ನೊಬ್ಬರ ಫೋಲ್ಡರಿನಿಂದ ಭಾಷೆ ಫೈಲ್ ತಂದು ಹೆಸರು ಬದಲಿಸೋ ಉಪಾಯವೂ ನಿಲ್ಲಲ್ಲ, ಫೈಲ್ ವೆರಿಫೈ ಮಾಡಿದ ತಕ್ಷಣ ಹಳೇದೇ ವಾಪಸ್.

ಫೈಲುಗಳೆಲ್ಲ ಇದ್ದೂ ಭಾಷೆ ಬದಲಾಗದಿದ್ರೆ ಡಾಕ್ಯುಮೆಂಟ್ಸ್ ಅಥವಾ ಆಪ್‌ಡೇಟಾ ಫೋಲ್ಡರಿನೊಳಗಿನ ಐಎನ್‌ಐ ಫೈಲ್ (ಗೇಮಿನ ಸೆಟ್ಟಿಂಗ್ ಫೈಲ್) ನೋಡು, ಕೆಲವು ಗೇಮುಗಳು ಅಲ್ಲಿಂದ ಓದ್ತವೆ. ಗೇಮ್ ಅನ್‌ರಿಯಲ್ ಎಂಜಿನ್ನಿನದಾದ್ರೆ (ಗೇಮ್ ಕಟ್ಟೋ ಸಾಫ್ಟ್‌ವೇರ್) ಸ್ಟೀಮ್ ಪ್ರಾಪರ್ಟೀಸ್‌ನ ಲಾಂಚ್ ಆಪ್ಷನ್ನಿನಲ್ಲಿ ಹೈಫನ್ ಹಾಕಿ, ಅಂತರ ಬಿಡದೆ, ಕಲ್ಚರ್ ಈಕ್ವಲ್ ಟು ಇಎನ್ (-culture=en) ಕೊಟ್ಟು ನೋಡು. ಹಳೇ ಜಪಾನಿ ಗೇಮಿನಲ್ಲಿ ಅಕ್ಷರ ಕಲಸುಮೇಲೋಗರ ಆದ್ರೆ ವಿಂಡೋಸ್ ಲೊಕೇಲ್ (ಇಡೀ ಸಿಸ್ಟಂನ ಭಾಷೆ ಸೆಟ್ಟಿಂಗ್) ಮುಟ್ಟಬೇಡ, ಆ ಗೇಮಿಗೆ ಮಾತ್ರ ಅದನ್ನ ಬದಲಿಸೋ ಲೊಕೇಲ್ ಎಮ್ಯುಲೇಟರ್ ಸಾಕು.

ಕೆಳಗೆ ನಿಂಟೆಂಡೋ ಸ್ವಿಚ್ ಕನ್ಸೋಲ್ ಬಗ್ಗೆ ಕೇಳಿದವರಿಗೆ: ಅದರಲ್ಲಿ ಸಾಮಾನ್ಯವಾಗಿ ರೀಜನ್ ಲಾಕ್ (ಬೇರೆ ದೇಶದ ಗೇಮ್ ಓಡದಂತೆ ತಡೆ) ಇಲ್ಲ, ಎಷ್ಟೋ ಗೇಮ್ ಕನ್ಸೋಲ್ ಭಾಷೆಯನ್ನೇ ಹಿಡಿಯತ್ತೆ, ಮೊದಲು ಸಿಸ್ಟಂ ಸೆಟ್ಟಿಂಗ್ಸ್ ಬದಲಿಸಿ ನೋಡಿ. ಜಪಾನಿನ 3ಡಿಎಸ್ (ನಿಂಟೆಂಡೋದ ಹಳೇ ಕೈಕನ್ಸೋಲ್) ಕಥೆ ಬೇರೆ, ಅದರ ಮೆನುವಿನಲ್ಲಿ ಜಪಾನಿ ಬಿಟ್ಟು ಬೇರೆ ಭಾಷೆಯಿಲ್ಲ. ಪ್ಲೇಸ್ಟೇಷನ್ 4ರ ಡಿಸ್ಕ್ ಯಾವ ದೇಶದ್ದಾದ್ರೂ ಓಡತ್ತೆ, ಆದ್ರೆ ಡಿಎಲ್‌ಸಿ (ಗೇಮಿಗೆ ಸೇರಿಸೋ ಹೆಚ್ಚುವರಿ ಭಾಗ) ಡಿಸ್ಕಿನ ರೀಜನ್ನಿನದೇ ಆಗಬೇಕು.

ನನ್ನ ಮಟ್ಟಿಗೆ ಗಾಗ್‌ (GOG, ಇನ್ನೊಂದು ಆನ್‌ಲೈನ್ ಗೇಮ್ ಅಂಗಡಿ) ಕಡೆ ಸಿಗೋ ಗೇಮನ್ನ ಬೇರೆಡೆ ತಗೊಳ್ಳಲ್ಲ, ಅಲ್ಲಿ ಸಾಮಾನ್ಯವಾಗಿ ಇನ್‌ಸ್ಟಾಲ್ ಮಾಡುವಾಗಲೇ ಭಾಷೆ ಆರಿಸಬಹುದು. ತಮ್ಮಾ, ಎಸಿಎಫ್ ತಿದ್ದಿ ಸ್ಟೀಮ್ ತೆರೆದ ಮೇಲೆ ಏನಾಯ್ತು ಅಂತ ಇಲ್ಲೇ ಹಾಕು, ಪ್ಯಾಕೇಜ್ ನಂಬರ್ ಸಮೇತ.