ಟಿವಿ ಕೆಟ್ಟಿಲ್ಲ, ಗುರುಗಳೇ

ಗಂಗಾವತಿಯ ನಿವೃತ್ತ ಶಿಕ್ಷಕರೊಬ್ಬರ ಪತ್ರ: “ಕಳೆದ ಸಂಚಿಕೆಯಲ್ಲಿ ತಾವು ‘ಸ್ಪೈಡರ್-ಮ್ಯಾನ್: ಇಂಟು ದ ಸ್ಪೈಡರ್-ವರ್ಸ್’ ಎಂಬ ಕಾರ್ಟೂನ್ ಚಿತ್ರವನ್ನು ನಾಲ್ಕನೆಯ ಸಲ ನೋಡಿದ್ದಾಗಿ ಬರೆದಿದ್ದೀರಿ. ಅದನ್ನೋದಿ ನಾನೂ ಮೊಮ್ಮಗನ ಜೊತೆ ಕುಳಿತು ನೋಡಿದೆ. ಬಣ್ಣಗಳು ಗೆರೆ ಬಿಟ್ಟು ಪಕ್ಕಕ್ಕೆ ಸರಿದಿದ್ದವು, ಹುಡುಗ ತಡೆತಡೆದು ಓಡುತ್ತಿದ್ದ. ಟಿವಿ ಕೆಟ್ಟಿತೆಂದು ಮೆಕ್ಯಾನಿಕ್‌ನನ್ನು ಕರೆಸಿ 200 ರೂಪಾಯಿ ಕೊಟ್ಟೆ. ಆತ ಟಿವಿಯಲ್ಲಿ ಏನೂ ದೋಷವಿಲ್ಲ ಎಂದು ಹೇಳಿ ಹೋದ. ಮಕ್ಕಳ ಚಿತ್ರವೊಂದರಲ್ಲಿ ನಾಲ್ಕು ಸಲ ನೋಡುವಂಥದ್ದು ಏನಿದೆ, ದಯವಿಟ್ಟು ತಿಳಿಸಿರಿ.”

ಮಾನ್ಯ ಗುರುಗಳಿಗೆ ನಮಸ್ಕಾರಗಳು.

ಮೆಕ್ಯಾನಿಕ್ ಹೇಳಿದ್ದು ನಿಜ, ತಮ್ಮ ಕಣ್ಣು ಕಂಡದ್ದೂ ನಿಜ. ಆ 200 ರೂಪಾಯಿಯನ್ನು ತುಂಬಿಕೊಡುವ ಶಕ್ತಿ ನಮ್ಮ ಪತ್ರಿಕೆಗಿಲ್ಲ. ಅದಕ್ಕೆ ಬದಲಾಗಿ ಉತ್ತರವನ್ನಾದರೂ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಬಹಳ ವರ್ಷಗಳ ಹಿಂದೆ ಬಳ್ಳಾರಿಯ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ನಾನು ಕರಡು ತಿದ್ದುತ್ತಿದ್ದೆ. ನೀಲಿ, ಗುಲಾಬಿಗೆಂಪು, ಹಳದಿ, ಕಪ್ಪು ಎಂಬ ನಾಲ್ಕು ಬಣ್ಣಗಳಿಗೆ ನಾಲ್ಕು ಪ್ಲೇಟು. ನಾಲ್ಕೂ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂತರೆ ಮಾತ್ರ ಚಿತ್ರ ಚಿತ್ರವಾಗುತ್ತದೆ, ಒಂದು ಪ್ಲೇಟು ಕೂದಲೆಳೆಯಷ್ಟು ಸರಿದರೂ ರಿಜಿಸ್ಟರ್ ತಪ್ಪಿತೆಂದೇ ಲೆಕ್ಕ. ಒಂದು ದಸರಾ ಸಂಚಿಕೆಯ ಮುಖಪುಟದಲ್ಲಿ ಹಂಪಿಯ ಕಲ್ಲಿನ ರಥದ ಗಾಲಿಗೆ ಕೆಂಪು ನೆರಳೊಂದು ಅಂಟಿಕೊಂಡು ಬಂತು. ಯಾರಾದರೂ ನೋಡುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಹಾಳೆ ಅಚ್ಚಾಗಿ ಹೋಗಿತ್ತು, ಮಷಿನ್ ನಡೆಸುತ್ತಿದ್ದವರು ಅಂದು ಮಾಲೀಕರಿಂದ ತಿಂದ ಬೈಗುಳಕ್ಕೆ ಲೆಕ್ಕವಿರಲಿಲ್ಲ.

ತಮ್ಮ ಟಿವಿಯಲ್ಲಿ ಕಂಡದ್ದು ಅದೇ ಕೆಂಪು ನೆರಳು. ಸ್ಪೈಡರ್-ಮ್ಯಾನ್ ಹುಟ್ಟಿದ್ದು 1962ರಲ್ಲಿ, ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಅವರ ಕೈಯಲ್ಲಿ, ಅಗ್ಗದ ಕಾಗದದ ಮೇಲೆ ಅಚ್ಚಾಗುತ್ತಿದ್ದ ಕಾಮಿಕ್ ಪುಸ್ತಕದಲ್ಲಿ. ಆ ಪುಸ್ತಕಗಳಲ್ಲಿ ಬಣ್ಣವೆಂದರೆ ಸಣ್ಣ ಸಣ್ಣ ಚುಕ್ಕೆಗಳು. ಆ ಚುಕ್ಕೆಗಳು ಆಗಾಗ ಗೆರೆಯನ್ನು ದಾಟಿ ಹೊರಗೆ ಚೆಲ್ಲುತ್ತಿದ್ದವು. 2018ರಲ್ಲಿ ತೆರೆಕಂಡ ಈ ಚಿತ್ರವನ್ನು ಮಾಡಿದವರು ಕಂಪ್ಯೂಟರಿನಲ್ಲಿ ಎಲ್ಲವನ್ನೂ ನುಣುಪಾಗಿ ತೋರಿಸುವ ಅನುಕೂಲವಿದ್ದರೂ ಅದನ್ನು ಬಿಟ್ಟು, ಮುಖದ ನೆರಳಿನಲ್ಲಿ ಚುಕ್ಕೆಗಳನ್ನು ತುಂಬಿದರು, ಮೂಗು ಹುಬ್ಬುಗಳ ಮೇಲೆ ಕೈಬರಹದಂಥ ಗೆರೆಗಳನ್ನು ಎಳೆದರು, ಮತ್ತು ಕ್ಯಾಮೆರಾದ ಲೆನ್ಸು ದೂರದ ವಸ್ತುವನ್ನು ಮಸುಕಾಗಿಸುವ ಕಡೆಯಲ್ಲೆಲ್ಲ ಮಸುಕಿನ ಬದಲು ಬಣ್ಣಗಳನ್ನು ಬೇಕೆಂತಲೇ ಅತ್ತಿತ್ತ ಸರಿಸಿಬಿಟ್ಟರು. ನಮ್ಮ ಪ್ರೆಸ್ಸಿನವರು ಬೈಸಿಕೊಂಡ ತಪ್ಪನ್ನು ಮೈತುಂಬ ಹೊದ್ದುಕೊಂಡ ಈ ಚಿತ್ರಕ್ಕೆ 2019ರ ಫೆಬ್ರುವರಿಯಲ್ಲಿ ಆಸ್ಕರ್ ಬಂತು. ಮೊದಲ ಸಲ ನೋಡಿದಾಗ ಇದಾವುದೂ ನನಗೆ ಕಂಡಿರಲಿಲ್ಲ. ಅಂದು ನಾನು ಕಥೆಯ ಬೆನ್ನು ಹತ್ತಿ ಓಡುತ್ತಿದ್ದೆ. ಎರಡನೆಯ ಸಲ ಚುಕ್ಕೆಗಳು ಕಂಡವು, ಶಾಯಿಯ ವಾಸನೆಯೂ ಬಂದಂತಾಯಿತು.

ಇನ್ನು ಹುಡುಗ ತಡೆತಡೆದು ಓಡುವ ವಿಚಾರ. ಇದನ್ನು ತಾವು ಒಂದೇ ನೋಟದಲ್ಲಿ ಹಿಡಿದಿದ್ದೀರಿ, ನನಗೆ ಮೂರು ಸಲ ಬೇಕಾಯಿತು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಪ್ರತಿ ಚೌಕಟ್ಟಿಗೂ ಪಾತ್ರದ ಭಂಗಿ ಬದಲಾದರೆ ಚಲನೆ ನೀರಿನಂತೆ ಹರಿಯುತ್ತದೆ. ಒಂದೊಂದು ಭಂಗಿಯನ್ನು ಎರಡೆರಡು ಚೌಕಟ್ಟಿನವರೆಗೆ ನಿಲ್ಲಿಸಿದರೆ ಸೆಕೆಂಡಿಗೆ 12 ಭಂಗಿಗಳಷ್ಟೇ ಉಳಿದು ನಡಿಗೆಯಲ್ಲಿ ಸಣ್ಣ ಕುಲುಕಾಟ ಸೇರಿಕೊಳ್ಳುತ್ತದೆ. ಬ್ರೂಕ್ಲಿನ್ನಿನ ಹುಡುಗ ಮೈಲ್ಸ್ ಮೊರಾಲಿಸ್‌ಗೆ ಜೇಡ ಕಚ್ಚಿ ಶಕ್ತಿ ಬಂದಿದೆ, ಆದರೆ ಅದನ್ನು ಬಳಸುವುದು ಅವನಿಗೆ ಗೊತ್ತಿಲ್ಲ. ಹಿಮ ಬಿದ್ದ ಕಾಡಿನಲ್ಲಿ ಅವನೂ ನುರಿತ ಸ್ಪೈಡರ್-ಮ್ಯಾನ್ ಪೀಟರ್‌ನೂ ಮರದಿಂದ ಮರಕ್ಕೆ ಬಲೆಯ ದಾರ ಹಿಡಿದು ಜೀಕುವ ದೃಶ್ಯವೊಂದಿದೆಯಲ್ಲ, ಅಲ್ಲಿ ಒಂದೇ ಪರದೆಯ ಮೇಲೆ ಪೀಟರ್ 24ರ ಲೆಕ್ಕದಲ್ಲಿ ಹಾರುತ್ತಾನೆ, ಮೈಲ್ಸ್ 12ರ ಲೆಕ್ಕದಲ್ಲಿ ಒದ್ದಾಡುತ್ತಾನೆ. ಕಲಿಯುವವನಿಗೂ ಕಲಿತವನಿಗೂ ಇರುವ ಅಂತರವನ್ನು ಮಾತಿನಲ್ಲಿ ಹೇಳದೆ ಎಣಿಕೆಯಲ್ಲಿ ಹೇಳಿದ್ದಾರೆ. ಮುಂದೆ ಹುಡುಗನಿಗೆ ವಿದ್ಯೆ ಕೈಹತ್ತಿದಂತೆ ಅವನ ಚಲನೆಯೂ ನುಣುಪಾಗುತ್ತದೆ. ತಾವು ಮೂವತ್ತು ನಲವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವರು. ಸ್ಲೇಟಿನ ಮೇಲೆ ತಡೆತಡೆದು ಬರೆಯುವ ಕೈ ಎಂಥದ್ದೆಂದು ತಮಗೆ ನಾನು ಹೇಳಬೇಕಾಗಿಲ್ಲ.

ನಾಲ್ಕನೆಯ ಸಲ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೈಲ್ಸ್‌ನ ತಂದೆ. ಆತ ಪೊಲೀಸಿನವನು. ಚಿತ್ರದ ಆರಂಭದಲ್ಲಿ ಮಗನನ್ನು ಪೊಲೀಸ್ ಕಾರಿನಲ್ಲೇ ಶಾಲೆಗೆ ತಂದು ಬಿಟ್ಟು, ಪ್ರೀತಿಸುತ್ತೇನೆ ಎಂದು ಹೇಳಿ, ನೀನೂ ಹಾಗೆ ಹೇಳಲೇಬೇಕು ಎಂದು ಶಾಲೆಯ ಮಕ್ಕಳೆಲ್ಲರ ಎದುರು ಕಾರಿನ ಧ್ವನಿವರ್ಧಕದಲ್ಲಿ ಪಟ್ಟು ಹಿಡಿಯುತ್ತಾನೆ. ಹುಡುಗ ನಾಚಿಕೆಯಿಂದ ಹಿಡಿಯಷ್ಟಾಗುತ್ತಾನೆ. ಮೊದಲ ಸಲ ಅದಕ್ಕೆ ನಕ್ಕು ಮುಂದೆ ಹೋಗಿದ್ದೆ. ಕಥೆ ಬಹಳ ದೂರ ಸಾಗಿದ ಮೇಲೆ ಅದೇ ತಂದೆ ಮಗನ ಕೋಣೆಯ ಮುಚ್ಚಿದ ಬಾಗಿಲಿನ ಹೊರಗೆ ನಿಂತು ಮಾತಾಡುತ್ತಾನೆ. ಒಳಗೆ ಪೀಟರ್ ಮೈಲ್ಸ್‌ನನ್ನು ಕುರ್ಚಿಗೆ ಬಿಗಿದು ಹೋಗಿದ್ದಾನೆ, ಬಾಯಿಗೂ ಬಲೆ ಮೆತ್ತಿದೆ; ಉತ್ತರ ಕೊಡುವಂತಿಲ್ಲ. ಮಗ ತನ್ನೊಡನೆ ಮಾತು ಬಿಟ್ಟಿದ್ದಾನೆಂದೇ ತಿಳಿದ ತಂದೆ ಈ ಸಲ, ನೀನು ತಿರುಗಿ ಹೇಳಬೇಕಾಗಿಲ್ಲ ಎನ್ನುತ್ತಾನೆ. ಕಾರಿನ ದೃಶ್ಯಕ್ಕೂ ಬಾಗಿಲಿನ ದೃಶ್ಯಕ್ಕೂ ನಡುವೆ ಒಂದು ಗಂಟೆಗೂ ಹೆಚ್ಚು ಅಂತರವಿರುವುದರಿಂದ, ಕೊನೆ ಗೊತ್ತಿದ್ದು ಮತ್ತೆ ಮೊದಲಿನಿಂದ ನೋಡುವವನಿಗೆ ಆ ಧ್ವನಿವರ್ಧಕದ ತಮಾಷೆ ಬೇರೆಯೇ ಆಗಿ ಕೇಳಿಸುತ್ತದೆ. ಅದಾದ ಮೇಲೆಯೇ ಹುಡುಗ ಗಾಜಿನ ಕಟ್ಟಡದ ತುದಿಯಿಂದ ಧುಮುಕುವುದು. ಚೌಕಟ್ಟನ್ನು ತಲೆಕೆಳಗು ಮಾಡಿರುವುದರಿಂದ ಅವನು ಬೀಳುತ್ತಿರುವಂತೆ ಕಾಣುವುದಿಲ್ಲ, ನಗರದೊಳಕ್ಕೆ ಏರುತ್ತಿರುವಂತೆ ಕಾಣುತ್ತಾನೆ.

ಚಿತ್ರದಲ್ಲಿ ಎಲ್ಲವೂ ಸೊಗಸೆಂದು ನಾನು ಹೇಳುವುದಿಲ್ಲ. ಬೇರೆ ಲೋಕಗಳಿಗೆ ಬಾಗಿಲು ತೆರೆಯುವ ಖಳನಾಯಕನ ಯಂತ್ರದೊಳಗೆ ನಡೆಯುವ ಕೊನೆಯ ಹೊಡೆದಾಟದಲ್ಲಿ ಬಣ್ಣಗಳ ಅಬ್ಬರ ವಿಪರೀತ, ಯಾರು ಯಾರನ್ನು ಹೊಡೆಯುತ್ತಿದ್ದಾರೆಂಬುದೇ ತಿಳಿಯದು. ನಾಲ್ಕನೆಯ ಸಲ ಆ ಭಾಗ ಬಂದಾಗ ನಾನು ಎದ್ದು ಚಹಾಕ್ಕೆ ಇಟ್ಟು ಬಂದೆ. ಬೇರೆ ಲೋಕಗಳಿಂದ ಬಂದ ಜೇಡವೀರರಲ್ಲಿ ಹಂದಿಗೆ ಒಂದೆರಡು ನಗೆಮಾತು ಬಿಟ್ಟರೆ ಕೆಲಸವಿಲ್ಲ. ಕಪ್ಪು-ಬಿಳುಪಿನ ಲೋಕದಿಂದ ಬಂದವನು ಮಾತ್ರ ಬಣ್ಣವೆಂದರೇನೆಂದು ತಿಳಿಯದೆ ರೂಬಿಕ್ಸ್ ಕ್ಯೂಬ್ ಹಿಡಿದು ಬೆರಗಾಗುವುದನ್ನು ಎಷ್ಟು ಸಲವಾದರೂ ನೋಡಬಹುದು.

ಕೊನೆಯದಾಗಿ, ತಮ್ಮ ಪತ್ರದ “ಮಕ್ಕಳ ಚಿತ್ರ” ಎಂಬ ಮಾತಿನ ಬಗ್ಗೆ ನನ್ನದೊಂದು ಸಣ್ಣ ತಕರಾರಿದೆ. ತಮ್ಮದೇ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ, ತೊಗಲುಗೊಂಬೆಯಾಟವನ್ನು ಮಕ್ಕಳಾಟವೆಂದು ಯಾರೂ ಕರೆಯಲಿಲ್ಲ. ಪರದೆಯ ಹಿಂದೆ ದೀಪವಿಟ್ಟು, ಬಣ್ಣ ಹಾಕಿದ ತೊಗಲಿನ ರಾವಣನನ್ನು ಕೋಲಿನಲ್ಲಿ ಆಡಿಸುವುದೂ ಚಿತ್ರಕ್ಕೆ ಜೀವ ಕೊಡುವ ಕೆಲಸವೇ. ರಾವಣ ಸಾಯುತ್ತಾನೆಂದು ಗೊತ್ತಿದ್ದವರೇ ಅಲ್ಲಿ ಬೆಳಗಿನ ತನಕ ಕೂರುತ್ತಿದ್ದುದು.

ಮೊಮ್ಮಗ ಚಿತ್ರವನ್ನು ದಿನಾ ಹಾಕುತ್ತಾನೆಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಹಾಗಿದ್ದರೆ ಈ ಸಲ ಕಾಡಿನ ದೃಶ್ಯ ಬಂದಾಗ ಅವನ ಕೈಯಿಂದ ರಿಮೋಟ್ ಇಸಿದುಕೊಂಡು, ನಿಲ್ಲಿಸಿ ನಿಲ್ಲಿಸಿ ಮುಂದೆ ಬಿಡಿ. ಪೀಟರ್ ಜಾಗ ಬದಲಿಸಿದ ಎಷ್ಟು ಸಲ ಮೈಲ್ಸ್ ಇದ್ದಲ್ಲೇ ಇದ್ದಾನೆಂದು ಇಬ್ಬರೂ ಎಣಿಸಿ ನೋಡಿರಿ. ಆ ಮೆಕ್ಯಾನಿಕ್ ತಮ್ಮ ಓಣಿಯವನೇ ಆಗಿದ್ದರೆ ಅವನನ್ನೂ ಕರೆದು ಕೂರಿಸಿಕೊಳ್ಳಿ, ಈ ಸಲ ಚಹಾ ಕೊಟ್ಟರೆ ಸಾಕು.

— ಸಂಪಾದಕ