ಡಬ್ಲಿನ್‌ನಲ್ಲಿ ತಾರಾ ಎಂಬ ಹೆಸರು

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಡಬ್ಲಿನ್‌ಗೆ ಬಂದು ಏಳು ತಿಂಗಳಾಯಿತು, ಬರುವ ತಿಂಗಳ ಕೊನೆಗೆ ಹೆರಿಗೆ, ಹೆಣ್ಣುಮಗು ಎಂದು ಇಲ್ಲಿನ ಸ್ಕ್ಯಾನಿಂಗ್‌ನಲ್ಲಿ ತಿಳಿದಿದೆ, ‘ತಾರಾ’ ಎಂದು ಹೆಸರಿಡುವ ಆಸೆಯಿದೆ ಎಂದು ಬರೆದಿದ್ದೀರಿ. ಊರಿನಲ್ಲಿರುವ ನಿಮ್ಮ ಅತ್ತೆಯವರಿಗೆ ಆ ಹೆಸರಿನ ಹಿಂದಿನ ಪುರಾಣಕಥೆ ಹಿಡಿಸಿಲ್ಲ. ‘ಅದು ನಮ್ಮ ಐರಿಷ್ ಹೆಸರಲ್ಲವೇ’ ಎಂದು ಸಹೋದ್ಯೋಗಿಯೊಬ್ಬರು ಕೇಳಿದ ಮೇಲೆ ನಿಮಗೂ ಸಂಶಯ ಹುಟ್ಟಿದೆ. ಇಂಗ್ಲಿಷ್‌ನಲ್ಲಿ ಹೇಗೆ ಬರೆಸುವುದೆಂದು ತೋಚುತ್ತಿಲ್ಲ. ನನ್ನ ಮಗಳ ಹೆಸರೂ ತಾರಾ. ಇದೇ ಊರಿನಲ್ಲಿ ಹುಟ್ಟಿದ ಅವಳಿಗೆ ಈಗ ಹದಿನಾಲ್ಕು ವರ್ಷ. ನೀವು ಕೇಳಿದ ಮೂರೂ ಪ್ರಶ್ನೆಗಳನ್ನು ನಾವೂ ಎದುರಿಸಿದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅತ್ತೆಯವರ ಮಾತನ್ನು ಹಗುರವಾಗಿ ತಳ್ಳಿಹಾಕಬೇಡಿ. ಬೃಹಸ್ಪತಿಯ ಪತ್ನಿ ತಾರೆಯನ್ನು ಚಂದ್ರನು ಕರೆದೊಯ್ದ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವರು ಬೇಡವೆನ್ನುತ್ತಿದ್ದಾರೆ. ನನ್ನ ತಾಯಿಯೂ ಅದನ್ನೇ ಹೇಳಿದ್ದರು. ಆದರೆ ಆ ತಾರೆಯ ಮಗನಾದ ಬುಧನಿಂದಲೇ ಪಾಂಡವರು ಹುಟ್ಟಿದ ಚಂದ್ರವಂಶ ಬೆಳೆಯಿತೆಂಬುದನ್ನು ಅವರಿಗೆ ನೆನಪಿಸಬಹುದು. ಇನ್ನೊಬ್ಬ ತಾರೆ ಕಿಷ್ಕಿಂಧೆಯವಳು, ವಾಲಿಯ ಹೆಂಡತಿ. ಸೋತು ಓಡಿಹೋದ ಸುಗ್ರೀವ ಅಷ್ಟು ಬೇಗ ಮರಳಿ ಬಂದು ಯುದ್ಧಕ್ಕೆ ಕರೆಯುತ್ತಿದ್ದಾನೆಂದರೆ ಅವನ ಬೆನ್ನಿಗೆ ಯಾರೋ ಬಲಶಾಲಿಗಳಿರಲೇಬೇಕು, ಹೋಗಬೇಡ ಎಂದು ಗಂಡನನ್ನು ತಡೆದವಳು ಅವಳು. ವಾಲಿ ಕೇಳಲಿಲ್ಲ, ಸತ್ತ. ಮುಂದೆ ಲಕ್ಷ್ಮಣನು ಕೋಪದಿಂದ ಕಿಷ್ಕಿಂಧೆಗೆ ನುಗ್ಗಿ ಬಂದಾಗ ಅವನೆದುರು ನಿಂತು ಸಮಾಧಾನದ ಮಾತನಾಡಿದವಳೂ ಇದೇ ತಾರೆ. ಹಂಪಿ, ಆನೆಗೊಂದಿಯ ಕಡೆಯವರಿಗೆ ಇದು ನಮ್ಮ ನೆಲದಲ್ಲೇ ನಡೆದ ಕಥೆ. ‘ಅಹಲ್ಯಾ ದ್ರೌಪದೀ ಸೀತಾ ತಾರಾ ಮಂಡೋದರೀ ತಥಾ’ ಎಂದು ಬೆಳಗ್ಗೆ ಎದ್ದು ನೆನೆಯುವ ಶ್ಲೋಕವನ್ನು ನಿಮ್ಮ ಅತ್ತೆಯವರೇ ಎಷ್ಟೋ ಸಲ ಹೇಳಿರಬಹುದು. ನನ್ನ ತಾಯಿಯ ಮನಸ್ಸು ಕರಗಿದ್ದು ಆ ಶ್ಲೋಕದಿಂದಲೇ.

ಕರ್ನಾಟಕದ ಮಣ್ಣಿನಲ್ಲಿ ಈ ಹೆಸರಿಗೆ ಇನ್ನೊಂದು ಬೇರೂ ಇದೆ, ಅದು ನನಗೆ ಬಹಳ ಪ್ರಿಯವಾದದ್ದು. ಗದಗ ಜಿಲ್ಲೆಯ ಡಂಬಳದಲ್ಲಿ ದೊರೆತ 1095ರ ಶಾಸನವು ಬೌದ್ಧರ ತಾರಾದೇವಿಯ ಸ್ತುತಿಯನ್ನೊಳಗೊಂಡಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ಆ ಶಾಸನದಲ್ಲಿ ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರಕ್ಕೂ ಆರ್ಯತಾರಾದೇವಿಯ ವಿಹಾರಕ್ಕೂ ಕೊಟ್ಟ ದತ್ತಿಯ ವಿವರವಿದ್ದು, ಆನೆ, ಬೆಂಕಿ, ಹಾವು, ಕಳ್ಳರು, ಸಮುದ್ರ ಮೊದಲಾದ ಭಯಗಳಿಂದ ಕಾಪಾಡುವವಳೆಂದು ಆ ದೇವಿಯನ್ನು ಕೊಂಡಾಡಲಾಗಿದೆ. ಊರೂರು ತಿರುಗುತ್ತಿದ್ದ ವ್ಯಾಪಾರಿಗಳಿಗೆ ಇಂಥ ದೇವಿ ಬೇಕಾಗಿದ್ದಳು. ಸಮುದ್ರ ದಾಟಿ ಬಂದ ನಮಗೂ ಈ ಹೆಸರು ಒಪ್ಪುತ್ತದೆ ಎಂದು ನನಗೆ ಅನ್ನಿಸುತ್ತದೆ. ಬಳ್ಳಿಗಾವಿಯಲ್ಲಿ ತಾರೆಯ ವಿಗ್ರಹವೇ ಇದೆ. ಬೈಲಕುಪ್ಪೆಯ ಟಿಬೆಟನ್ ಹೆಣ್ಣುಮಕ್ಕಳಲ್ಲಿ ‘ಡೋಲ್ಮಾ’ ಎಂಬ ಹೆಸರು ಎಷ್ಟು ಸಾಮಾನ್ಯವೆಂದು ಮೈಸೂರಿನ ಕಡೆಯವರಾದ ನಿಮಗೆ ಗೊತ್ತಿರುತ್ತದೆ. ಅದು ತಾರಾ ಎಂಬ ಹೆಸರಿನ ಟಿಬೆಟನ್ ರೂಪ.

ಅರ್ಥದ ವಿಚಾರಕ್ಕೆ ಬಂದರೆ, ‘ತೃ’ ಎಂಬ ಧಾತುವಿನಿಂದ ಹಿಡಿದರೆ ತಾರಾ ಎಂದರೆ ದಾಟಿಸುವವಳು. ನಕ್ಷತ್ರ ಎಂಬ ಅರ್ಥದ ತಾರಾ ಬೇರೆ ಮೂಲದ್ದು. ವೇದದಲ್ಲಿ ‘ಸ್ತೃಭಿಃ’, ಅಂದರೆ ನಕ್ಷತ್ರಗಳಿಂದ, ಎಂಬ ರೂಪ ಸಕಾರದೊಡನೆ ಸಿಗುತ್ತದೆ; ಇಂಗ್ಲಿಷ್‌ನ ‘ಸ್ಟಾರ್’, ಲ್ಯಾಟಿನ್‌ನ ‘ಸ್ಟೆಲ್ಲಾ’, ವೇಲ್ಸ್‌ನಲ್ಲಿ ಹೆಣ್ಣುಮಕ್ಕಳಿಗೆ ಪ್ರೀತಿಯಿಂದ ಇಡುವ ‘ಸೆರೆನ್’ ಎಲ್ಲವೂ ಅದೇ ಬಳ್ಳಿಯ ಕಾಯಿಗಳು.

ಈಗ ನಿಮ್ಮ ಸಹೋದ್ಯೋಗಿ ಹೇಳಿದ ಮಾತು. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ನೀವು ದಿನವೂ ಇಳಿಯುವ ಟಾರಾ ಸ್ಟ್ರೀಟ್ ನಿಲ್ದಾಣದ ಫಲಕವನ್ನು ನಾಳೆ ಗಮನಿಸಿ. ಅಲ್ಲಿರುವ ಐರಿಷ್ ಹೆಸರಿನಲ್ಲಿ ‘ಟಾರಾ’ ಕಾಣಿಸುವುದಿಲ್ಲ. ಬೇರೊಂದು ಉದ್ದನೆಯ ಪದವಿದೆ. ಮೀತ್ ಕೌಂಟಿಯಲ್ಲಿ, ಐರ್ಲೆಂಡಿನ ಹಿಂದಿನ ಅಧಿರಾಜರ ಪೀಠವೆಂದು ಹೆಸರಾದ ಗುಡ್ಡವೊಂದಿದೆ; ಅದರ ಐರಿಷ್ ಹೆಸರಿನ ಷಷ್ಠೀ ರೂಪವೇ ಆ ಪದ, ಅದು ಇಂಗ್ಲಿಷರ ಬಾಯಲ್ಲಿ ಸವೆದು ‘ಟಾರಾ’ ಆಯಿತು. ಸುತ್ತ ಬಹುದೂರ ಕಾಣುವ ಎತ್ತರದ ಜಾಗ ಎಂದು ಅದಕ್ಕೆ ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ನಡುಗಾಲದ ಕವಿಗಳು ಮಾತ್ರ ಅಲ್ಲಿ ಸಮಾಧಿಯಾದ ‘ಟೇಯಾ’ ಎಂಬ ರಾಣಿಯ ಹೆಸರಿನಿಂದ ಅದು ಬಂದಿತೆಂದು ಹಾಡಿದರು. ಅಂತೂ ಅದು ಮುಖ್ಯವಾಗಿ ಸ್ಥಳದ ಹೆಸರು; ಅದರ ಹಳೆಯ ಐರಿಷ್ ರೂಪವನ್ನು ಹೊತ್ತ ಹೆಣ್ಣುಮಕ್ಕಳು ಹಿಂದೆ ಇದ್ದರೂ, ‘ಟಾರಾ’ ಎಂಬ ಈ ರೂಪ ಹೆಣ್ಣಿನ ಹೆಸರಾಗಿ ಹರಡಿದ್ದು ಈಚೆಗೆ. 1936ರಲ್ಲಿ ಬಂದ ಅಮೆರಿಕದ ಜನಪ್ರಿಯ ಕಾದಂಬರಿಯೊಂದರಲ್ಲಿ ಐರ್ಲೆಂಡಿನಿಂದ ವಲಸೆ ಹೋದ ಜಮೀನುದಾರನೊಬ್ಬ ತನ್ನ ಹತ್ತಿಯ ತೋಟಕ್ಕೆ ಈ ಗುಡ್ಡದ ಹೆಸರಿಡುತ್ತಾನೆ. 1939ರಲ್ಲಿ ಅದು ಚಲನಚಿತ್ರವಾದ ಮೇಲೆ ಅಮೆರಿಕದ ತಂದೆತಾಯಿಗಳು ಹೆಣ್ಣುಮಕ್ಕಳಿಗೂ ಆ ಹೆಸರನ್ನು ಇಡತೊಡಗಿದರು, 1970ರ ದಶಕದಲ್ಲಿ ಅದು ಅಲ್ಲಿ ಬಹಳ ಪ್ರಚಲಿತವಾಯಿತು. ಊರು ಬಿಟ್ಟು ಹೋದವನೊಬ್ಬ ತನ್ನ ನಾಡಿನ ನೆನಪಿಗೆ ಇಟ್ಟ ಹೆಸರು ಎಂಬ ಕಾರಣಕ್ಕೆ ಆ ಕಥೆ ನನಗೆ ಇಷ್ಟ. ಆದರೆ ಹೆಣ್ಣಿನ ಹೆಸರಾಗಿ ನಮ್ಮ ತಾರಾ ಅದಕ್ಕಿಂತ ಎಷ್ಟೋ ಶತಮಾನ ಹಿರಿಯಳು. ನೀವು ಯಾರಿಂದಲೂ ಎರವಲು ಪಡೆಯುತ್ತಿಲ್ಲ.

ಇಲ್ಲಿನವರ ನಾಲಗೆಗೆ ಸುಲಭ ಎಂಬ ಒಂದೇ ಕಾರಣಕ್ಕೆ ಈ ಹೆಸರನ್ನು ಆರಿಸುತ್ತಿದ್ದರೆ ಮಾತ್ರ ಇನ್ನೊಮ್ಮೆ ಯೋಚಿಸಿ. ಐರ್ಲೆಂಡಿನಲ್ಲಿ ಅಂಥ ಭಯ ಬೇಕಾಗಿಲ್ಲ. ನೀವ್, ಈಫಾ, ಸೀರ್ಶಾ, ಕೀವಾ ಎಂಬ ಹೆಸರುಗಳ ಕಾಗುಣಿತ ಒಂದು, ಉಚ್ಚಾರ ಇನ್ನೊಂದು. ಇಂಗ್ಲೆಂಡಿಗೆ ಹೋದಾಗಲೆಲ್ಲ ತಮ್ಮ ಹೆಸರನ್ನು ಬಿಡಿಸಿ ಹೇಳಿ ಅಭ್ಯಾಸವಾದ ಜನ ಇವರು, ಹಾಗಾಗಿ ಬೇರೆಯವರ ಹೆಸರನ್ನು ಕೇಳಿ ಕಲಿಯುವ ತಾಳ್ಮೆ ಇವರಲ್ಲಿದೆ. 2021ರಲ್ಲಿ ಇಲ್ಲಿ ಅತಿ ಹೆಚ್ಚು ಹೆಣ್ಣುಶಿಶುಗಳಿಗೆ ಇಟ್ಟ ಹೆಸರು ‘ಫೀಯಾ’, ಕೊನೆಯಲ್ಲಿ ಉಚ್ಚರಿಸದ ಎರಡು ಅಕ್ಷರಗಳಿರುವ ಅಪ್ಪಟ ಐರಿಷ್ ಪದ. ಹೆಸರಿನ ಬಗ್ಗೆ ಇವರಿಗಿರುವ ಗೌರವವೂ ದೊಡ್ಡದು: ಏಸುವಿನ ತಾಯಿಗೆ ‘ಮುರ್‍ಯಾ’ ಎಂಬ ರೂಪವನ್ನು ಮೀಸಲಿಟ್ಟು, ತಮ್ಮ ಹೆಣ್ಣುಮಕ್ಕಳಿಗೆ ‘ಮಾರ್‍ಯಾ’ ಎಂದು ಬೇರೆ ಕಾಗುಣಿತದಲ್ಲಿ ಇಡುತ್ತಾರೆ.

ಸುಲಭದ ಹೆಸರಿಗೆ ಅದರದೇ ಒಂದು ತೊಡಕಿದೆ, ಅದನ್ನು ನಾನು ತಡವಾಗಿ ಕಂಡೆ. ಹೆಸರಿನ ಅರ್ಥವೇನೆಂದು ಶಾಲೆಯಲ್ಲಿ ಎಲ್ಲ ಭಾರತೀಯ ಮಕ್ಕಳನ್ನೂ ಕೇಳುತ್ತಿದ್ದರು, ನನ್ನ ಮಗಳನ್ನು ಕೇಳುತ್ತಿರಲಿಲ್ಲ. ಅದು ಗುಡ್ಡದ ಹೆಸರೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಅವಳಿಗೆ ಏಳು ವರ್ಷವಾದಾಗ ಒಂದು ಸಂಜೆ ಅಜ್ಜಿಯೊಡನೆ ಫೋನಿನಲ್ಲಿ ಮಾತು ಮುಗಿಸಿ ಬಂದು, ‘ಅಮ್ಮ, ನಾನು ಮನೆಯಲ್ಲಿ ತಾರಾ, ಶಾಲೆಯಲ್ಲಿ ಟಾರಾ, ಯಾವುದು ಸರಿ?’ ಎಂದು ಕೇಳಿದಳು. ಅಂದು ರಾತ್ರಿ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮೋಡದ ಸಂದಿನಲ್ಲಿ ಕಂಡ ಒಂದೇ ಒಂದು ನಕ್ಷತ್ರವನ್ನು ತೋರಿಸಿದೆ. ನಾಲಗೆಯ ತುದಿಯನ್ನು ಹಲ್ಲಿಗೆ ತಾಗಿಸಿ ‘ತಾ’ ಎನ್ನುವುದನ್ನು ಇಬ್ಬರೂ ಹತ್ತು ಸಲ ಹೇಳಿದೆವು.

ಕಾಗುಣಿತದ ಪ್ರಶ್ನೆ ಬರುವುದು ಇಲ್ಲೇ. ಗೀತಾ, ಲತಾ ಎಂಬಲ್ಲಿ ತಕಾರಕ್ಕೆ ‘ಟಿ’ಯ ಜೊತೆ ‘ಎಚ್’ ಸೇರಿಸುವುದು ನಮ್ಮ ಕಡೆಯ ರೂಢಿ. ನಾವು ಎಚ್ ಬಿಟ್ಟು ಬರೆಸಿದೆವು. ಇಂದಾಗಿದ್ದರೆ ಸೇರಿಸಿಯೇ ಬರೆಸುತ್ತಿದ್ದೆ. ಏಕೆಂದರೆ ಬಹಳಷ್ಟು ಐರಿಷ್ ಜನರ ಬಾಯಲ್ಲಿ ಆ ಎರಡು ಅಕ್ಷರಗಳು ನಮ್ಮ ತಕಾರಕ್ಕೆ ಬಹು ಹತ್ತಿರ ಕೇಳುತ್ತವೆ. ‘ಥ್ಯಾಂಕ್ಸ್’ ಎನ್ನುವಾಗ ಅವರನ್ನು ಕಿವಿಗೊಟ್ಟು ಕೇಳಿ, ‘ತ್ಯಾಂಕ್ಸ್’ ಎನ್ನುತ್ತಾರೆ. ಗುಡ್ಡದ ಹೆಸರಿನಿಂದ ನಿಮ್ಮ ಮಗುವಿನ ಹೆಸರು ಬೇರೆಯೆಂದು ಆ ಒಂದು ಅಕ್ಷರ ಮೊದಲ ನೋಟಕ್ಕೇ ಹೇಳುತ್ತದೆ. ಪ್ರತಿ ಕಚೇರಿಯಲ್ಲೂ ‘ಎಚ್ ಇದೆ’ ಎಂದು ಹೇಳಬೇಕಾದ ಶ್ರಮವಿದೆ, ಅದನ್ನು ಮುಂಚೆಯೇ ಯೋಚಿಸಿಕೊಳ್ಳಿ. ಜನನ ನೋಂದಣಿಗೆ ಮೂರು ತಿಂಗಳ ಅವಧಿಯಿದೆ. ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಚೀಟಿಯ ಮೇಲೆ ಬರೆದುಕೊಂಡು ಹೋಗಿ, ಸಹಿ ಹಾಕುವ ಮೊದಲು ಒಂದೊಂದು ಅಕ್ಷರವನ್ನೂ ನೋಡಿ. ಭಾರತದ ರಾಯಭಾರ ಕಚೇರಿಯ ಪತ್ರಗಳಿಗೂ ಅದೇ ಕಾಗುಣಿತ ಇರಲಿ.

ಮಗು ಸ್ವಾತಿಯ ನಾಲ್ಕನೆಯ ಪಾದದಲ್ಲಿ ಹುಟ್ಟಿದರೆ ‘ತಾ’ ಅಕ್ಷರವೇ ಬರುತ್ತದೆ. ಬೇರೆ ನಕ್ಷತ್ರವಾದರೆ ಆ ಅಕ್ಷರದ ಹೆಸರನ್ನು ತೊಟ್ಟಿಲ ಶಾಸ್ತ್ರದ ದಿನ ಕಿವಿಯಲ್ಲಿ ಹೇಳಿ, ತಾರಾ ಎಂಬುದನ್ನು ಕರೆಯುವ ಹೆಸರಾಗಿ ಇಟ್ಟುಕೊಳ್ಳಬಹುದೆಂದು ಅತ್ತೆಯವರಿಗೆ ತಿಳಿಸಿ. ನನ್ನ ಮಗಳನ್ನು ಮಲಗಿಸಿದ ಮರದ ತೊಟ್ಟಿಲು ನಮ್ಮ ಅಟ್ಟದ ಮೇಲೆ ಇನ್ನೂ ಗಟ್ಟಿಯಾಗಿದೆ; ಬೇಕಾದರೆ ಒಂದು ಮಾತು ತಿಳಿಸಿ, ಒರೆಸಿ ತಂದುಕೊಡುತ್ತೇವೆ.